ರಾಜಿಯೂ ನ್ಯಾಯವೂ

ಸಿದ್ಧಾಪುರ ತಾಲೂಕಿನ ಬಿಳಗಿಯು ಒಂದು ಕಾಲದಲ್ಲಿ ಅರಸರ ಊರಾಗಿತ್ತು. ಅರಸರು ಹೋದರು, ಅವರ ಕಾಲದ ರತ್ನತ್ರಯ ಬಸದಿಯು ಇಂದಿಗೂ ನಿಂತದೆ. ಆದರೆ ಮನುಷ್ಯರ ತಕರಾರುಗಳು ಅರಸರ ಸಂಗಡ ಹೋಗಲಿಲ್ಲ. ತೋಟದ ಅಗಳ, ನೀರಿನ ಕಾಲುವೆ, ಸೊಪ್ಪಿನ ಬೆಟ್ಟದ ಮೇರೆ, ಇವು ಈಗಲೂ ನೆರೆಯವರನ್ನು ವೈರಿಗಳಾಗಿ ಮಾಡುತ್ತವೆ.

ಅಂಥಾ ಊರಿನಲ್ಲಿ ಒಬ್ಬ ದೊಡ್ಡ ತೋಟಿಗನೂ ಅವನ ಮಗ್ಗುಲಲ್ಲಿ ಕಾಲು ಎಕರೆಯುಳ್ಳ ಒಬ್ಬ ವಿಧವೆಯೂ ಇದ್ದಾರೆಂದು ಎಣಿಸೋಣ. ತೋಟಿಗನು ತನ್ನ ಬೇಲಿಯನ್ನು ಎರಡು ಮೊಳ ಸರಿಸುತ್ತಾನೆ. ಹಿರಿಯರು ಕೂಡಿ, “ತಂಗೀ, ಸಮಾಧಾನವೇ ಮೇಲು, ಬಿಟ್ಟುಕೊಡು” ಎನ್ನುತ್ತಾರೆ. ಅವನ ತೋಟದ ಕೂಲಿಯಿಂದಲೇ ಹೊಟ್ಟೆ ಹೊರೆಯುವ ಆಕೆಯು ತಲೆಯಾಡಿಸುತ್ತಾಳೆ. ಜಗಳವು ನಿಂತಿತು. ಆದರೆ ಇದು ಸಮಾಧಾನವೋ?

ಅಲ್ಲವೆಂದು ನಮ್ಮ ಮನಸ್ಸಾಕ್ಷಿಯು ಹೇಳುವದು. ಬೇಡವೆನ್ನಲು ಶಕ್ತಿಯಿಲ್ಲದವಳು ಹೌದೆಂದರೆ ಅದು ಒಪ್ಪಿಗೆಯಲ್ಲ. ಹಾಗಾದರೆ ಎಲ್ಲರೂ ಕೋರ್ಟಿಗೆ ಹೋಗಬೇಕೋ? ಅದೂ ಅಲ್ಲ. ಎರಡು ಮೊಳ ನೆಲಕ್ಕಾಗಿ ತೋಟವನ್ನೇ ಮಾರಿ, ಹಗೆಯನ್ನು ಮೊಮ್ಮಕ್ಕಳಿಗೆ ಆಸ್ತಿಯಾಗಿ ಬಿಟ್ಟು ಸತ್ತವರು ಎಷ್ಟೋ ಮಂದಿ. ಅವರಲ್ಲಿ ಅನೇಕರು ನ್ಯಾಯವನ್ನಲ್ಲ, ಎದುರಾಳಿಯ ಸೋಲನ್ನೇ ಬೇಡಿದರು.

ಈ ಎರಡರ ನಡುವೆ ಸರಕಾರವು ಒಂದು ದಾರಿಯನ್ನು ತೆರೆದದೆ. 1987ರಲ್ಲಿ ಆದ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯು 1995ನೆಯ ನವೆಂಬರ 9ರಿಂದ ಜಾರಿಗೆ ಬಂತು. ಅದರ ಪ್ರಕಾರ ತಾಲೂಕಿನ ಹಿರಿಯ ನ್ಯಾಯಾಧೀಶರ ಅಧ್ಯಕ್ಷತೆಯಲ್ಲಿ ಕಾನೂನು ಸೇವಾ ಸಮಿತಿಯಿರುವದು. ಲೋಕ ಅದಾಲತವು ಕೂಡುವದು. ದಾವೆ ಹೂಡುವ ಮೊದಲೂ ಅಲ್ಲಿಗೆ ಹೋಗಬಹುದು. ನಡೆಯುತ್ತಿರುವ ದಾವೆಯು ಅಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟು ಶುಲ್ಕವು ಹಿಂದಕ್ಕೆ ಬರುವದು. ಅಲ್ಲಿಯ ತೀರ್ಪು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮಾನ. ಅದರ ಮೇಲೆ ಅಪೀಲಿಲ್ಲ. ಆದರೆ ರಾಜಿಯಾಗದ ಘೋರ ಅಪರಾಧಗಳನ್ನು ಅದಾಲತವು ಮುಟ್ಟಲಾರದು.

ಈ ಕಾಯಿದೆಯಲ್ಲಿ ಎರಡು ಸಂಗತಿಗಳನ್ನು ಚೆನ್ನಾಗಿ ಗಮನಿಸಿರಿ. ಒಂದು, ಉಭಯ ಪಕ್ಷಗಳು ಒಪ್ಪದಿದ್ದರೆ ಅದಾಲತವು ತೀರ್ಪನ್ನು ಹೇರುವ ಹಾಗಿಲ್ಲ; ಕೋರ್ಟಿನಿಂದ ಬಂದ ವ್ಯಾಜ್ಯವು ಕೋರ್ಟಿಗೇ ಹಿಂದಿರುಗುವದು. ಎರಡು, ಬಡವನಿಗೆ ವಕೀಲನನ್ನು ಧರ್ಮಾರ್ಥವಾಗಿ ಕೊಡುವದು. ಸ್ತ್ರೀಯರಿಗೂ ಮಕ್ಕಳಿಗೂ ಆದಾಯದ ಲೆಕ್ಕವನ್ನೇ ಕೇಳದು. ಓದುಬರಹ ಬಾರದವರ ಅಹವಾಲನ್ನು ಅಲ್ಲಿಯವರೇ ಬರೆದುಕೊಳ್ಳತಕ್ಕದ್ದು. 15100 ಎಂಬ ಸಂಖ್ಯೆಗೆ ಫೋನು ಮಾಡಿಯೂ ಸಲಹೆ ಕೇಳಬಹುದು.

ಇದರ ತಾತ್ಪರ್ಯವೇನು? ರಾಜಿಗೆ ಕೂಡ್ರುವ ಮೊದಲು ತನ್ನ ಹಕ್ಕು ಎಷ್ಟೆಂದು ಆ ವಿಧವೆಗೆ ತಿಳಿದಿರಬೇಕು. ಒಲ್ಲೆನೆನ್ನುವ ಬಾಗಿಲು ಆಕೆಗೆ ತೆರೆದಿರಬೇಕು. ಆಗ ಆಕೆಯು ಒಂದು ಮೊಳ ಬಿಟ್ಟುಕೊಟ್ಟರೂ ಅದು ಔದಾರ್ಯವು. ತಿಳಿಯದೆ ಬಿಟ್ಟುಕೊಟ್ಟರೆ ಅದು ಕೇವಲ ನಷ್ಟವು. ತೋಟಿಗನಾದರೋ ತನ್ನ ಬಲವನ್ನು ಬಾಗಿಲ ಹೊರಗಿಟ್ಟು ಬರಲಿ.

ಆದದರಿಂದ ಊರಲ್ಲಿ ಪಂಚಾಯಿತಿಕೆ ಮಾಡುವ ಹಿರಿಯರೇ, “ಜಗಳವು ನಿಂತಿತೋ?” ಎಂದು ಮಾತ್ರ ಕೇಳಬೇಡಿರಿ. ಬಲಹೀನರು ಮನೆಗೆ ಹೋಗುವಾಗ ಅವರ ಮುಖವನ್ನು ನೋಡಿರಿ. ನೀವು ಮಾಡಿದ್ದು ಸಮಾಧಾನವೋ, ಬಾಯಿಕಟ್ಟೋ ಎಂಬದು ಅಲ್ಲಿ ಗೊತ್ತಾಗುವದು.