ಫ್ಯಾಟಿ ಲಿವರ್ ಯಾರ ಪಾಪ?

ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ‘ಗ್ರೇಡ್ 2 ಫ್ಯಾಟಿ ಲಿವರ್’ ಎಂದಿದ್ದರೆ ನೆಂಟರಿಷ್ಟರ ಮೊದಲ ಪ್ರಶ್ನೆ, ‘ಕುಡೀತಿದ್ರಾ?’ ಒಂದು ತೊಟ್ಟು ಹೆಂಡ ಮುಟ್ಟದ, ಏಕಾದಶಿ ತಪ್ಪಿಸದ ಮಧುಮೇಹಿಗೂ ಇದು ತಪ್ಪದು. ಇಲ್ಲ ಎಂದರೆ ‘ಪೂರ್ವಜನ್ಮದ ಕರ್ಮ’ ಎಂಬ ತೀರ್ಪು ಸಿದ್ಧವಾಗಿರುತ್ತದೆ. ಕುಡಿತದ ಬಗ್ಗೆ ವೈದ್ಯರು ಕೇಳಬೇಕು, ಚಿಕಿತ್ಸೆಗೆ ಅದು ಬೇಕು. ಆದರೆ ಕಾಯಿಲೆಯ ಕಾರಣ ಹುಡುಕುವುದು ಬೇರೆ, ಕಾಯಿಲೆಯವರಲ್ಲಿ ಪಾಪ ಹುಡುಕುವುದು ಬೇರೆ.

ಮಧುಮೇಹಿಗಳಲ್ಲಿ ಸಾಮಾನ್ಯವಾಗಿ ಆಗುವಂತೆ, ಇನ್ಸುಲಿನ್‌ಗೆ ದೇಹ ಸ್ಪಂದಿಸುವುದು ಕಡಿಮೆಯಾದಾಗ ಮೈಯ ಕೊಬ್ಬಿನಿಂದ ಕೊಬ್ಬಿನಾಮ್ಲಗಳು ಎಡೆಬಿಡದೆ ಯಕೃತ್ತಿಗೆ ಹರಿದುಬರುತ್ತವೆ. ಹೆಚ್ಚಾದ ಸಕ್ಕರೆಯನ್ನೂ ಅದು ಕೊಬ್ಬಾಗಿಸುತ್ತದೆ. ಇಷ್ಟನ್ನೆಲ್ಲ ಉರಿಸಲು ಹೊರಟ, ಜೀವಕೋಶದ ಶಕ್ತಿಕೇಂದ್ರಗಳಾದ ಮೈಟೊಕಾಂಡ್ರಿಯಾಗಳಿಂದ ಎಲೆಕ್ಟ್ರಾನುಗಳು ಸೋರಿ, ಆಮ್ಲಜನಕಕ್ಕೆ ಸೇರಿ, ಸೂಪರಾಕ್ಸೈಡ್ ಎಂಬ ಹಾನಿಕರ ಕಣ ಹುಟ್ಟುತ್ತದೆ. ಆರೋಗ್ಯವಂತರಲ್ಲೂ ಇದು ತುಸು ಇದ್ದದ್ದೇ. ಗ್ಲುಟಾಥಯೋನ್‌ನಂಥ ರಕ್ಷಕಗಳು ಅದರ ಹಾವಳಿ ತಡೆಯುತ್ತವೆ. ಆ ಶಕ್ತಿ ಮೀರಿದಾಗ ಜೀವಕೋಶದ ಪೊರೆ ಕೆಡುತ್ತದೆ, ಉರಿಯೂತ ಏಳುತ್ತದೆ, ಯಕೃತ್ತಿನ ನಕ್ಷತ್ರಾಕಾರದ ಕೋಶಗಳು ಕೊಲಾಜನ್ ನಾರು ಕೂಡಿಹಾಕುತ್ತವೆ. ಮೆತ್ತಗಿದ್ದ ಯಕೃತ್ತು ವರ್ಷಗಳಲ್ಲಿ ಗಟ್ಟಿಯಾಗುತ್ತದೆ. 1985ರಲ್ಲಿ ಜರ್ಮನಿಯ ಹೆಲ್ಮುಟ್ ಸೀಸ್ ‘ಆಕ್ಸಿಡೇಟಿವ್ ಸ್ಟ್ರೆಸ್’ ಎಂದು ವಿವರಿಸಿದ್ದು ಹಾವಳಿಗೂ ರಕ್ಷಣೆಗೂ ನಡುವಿನ ಈ ಬಗೆಯ ಅಸಮತೋಲನವನ್ನೇ. ಸೋರುವ ಎಲೆಕ್ಟ್ರಾನು ರೋಗಿಯ ಸದಾಚಾರ, ದುರಾಚಾರ ವಿಚಾರಿಸುವುದಿಲ್ಲ.

ಹಾಗಾದರೆ ವ್ಯಕ್ತಿಗೆ ಹೊಣೆಯೇ ಇಲ್ಲವೇ?

ಆಯುರ್ವೇದದ ಚರಕಸಂಹಿತೆಯ ವಿಮಾನಸ್ಥಾನ ಎಂಬ ಭಾಗ ದೈವವನ್ನೂ ಪುರುಷಕಾರವನ್ನೂ, ಅಂದರೆ ವ್ಯಕ್ತಿಯ ಪ್ರಯತ್ನವನ್ನೂ, ಒಪ್ಪುತ್ತದೆ. ಆಯುಷ್ಯ ಮೊದಲೇ ನಿಗದಿಯಾಗಿದ್ದರೆ ಔಷಧವೇಕೆ ಎಂದು ವಾದಿಸುತ್ತದೆ. ಕೂತಲ್ಲೇ ಕೂರುವ ಸುಖ, ನಿದ್ದೆ, ಮೊಸರು, ಬೆಲ್ಲದ ತಿನಿಸು ಪ್ರಮೇಹಕ್ಕೆ (ಮಧುಮೇಹವೂ ಸೇರುವ ಕಾಯಿಲೆಗಳ ಗುಂಪಿಗೆ) ಕಾರಣವೆನ್ನುವ ಅದೇ ಗ್ರಂಥ ಹೆತ್ತವರಿಂದ ಬರುವ ಬೀಜದೋಷವನ್ನೂ ಗುರುತಿಸಿದೆ. ಕರ್ಮದ ಹೆಸರಲ್ಲಿ ರೋಗಿಯನ್ನು ಹಳಿಯುವವರಿಗೆ ಈ ಸೂಕ್ಷ್ಮ ಕಾಣುವುದಿಲ್ಲ.

ಹುಟ್ಟಿಗೂ ಮುಂಚಿನ ಕಾರಣಗಳಿಗೆ ನಮ್ಮಲ್ಲೇ ಸಾಕ್ಷ್ಯವಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 1934ರಿಂದಲೇ ನವಜಾತ ಶಿಶುಗಳ ತೂಕ, ಉದ್ದ ಬರೆದಿಡುತ್ತಿದ್ದರು. ದಶಕಗಳ ಬಳಿಕ ಸಂಶೋಧಕರು ಆ ‘ಮಕ್ಕಳನ್ನು’ ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ಉದ್ದಕ್ಕೆ ಮೀರಿದ ತೂಕವಿದ್ದವರಲ್ಲಿ, ಹೆಚ್ಚು ತೂಕದ ತಾಯಂದಿರ ಮಕ್ಕಳಲ್ಲಿ ಮಧುಮೇಹ ಹೆಚ್ಚಾಗಿ ಕಂಡಿತು. ತೊಟ್ಟಿಲಿಗೆ ಮುಂಚೆಯೇ ಶುರುವಾದದ್ದನ್ನು ಯಾರ ಚಾಳಿಗೆ ಕಟ್ಟುವುದು?

ಪುರುಷಕಾರಕ್ಕೆ ಜಾಗವಂತೂ ಇದೆ. ಅಧಿಕ ತೂಕದವರು ಶೇ 7ರಿಂದ 10ರಷ್ಟು ಇಳಿಸಿದರೆ ಹಲವರಲ್ಲಿ ಯಕೃತ್ತಿನ ಉರಿಯೂತ ತಗ್ಗುತ್ತದೆ. ಮಧುಮೇಹವಿದ್ದವರು ವಯಸ್ಸು, ಎರಡು ಲಿವರ್ ಕಿಣ್ವ, ಪ್ಲೇಟ್‌ಲೆಟ್ ಎಣಿಕೆ ಸೇರಿಸಿ ಲೆಕ್ಕಹಾಕುವ ಫಿಬ್-4 ಅಂಕದ ಬಗ್ಗೆ ವೈದ್ಯರನ್ನು ಕೇಳಿ. ಮನೆಯವರು ವಿಚಾರಣೆ ಬಿಟ್ಟು, ಸಂಜೆಯ ನಡಿಗೆಗೆ ಅವರ ಜೊತೆ ಹೊರಡಿ.