ತಾಂಡಾದ ಮಂದಿ, ನಮ್ಮ ಮಾತು

ನಮ್ಮ ಯಾಲಾಲ ಸುತ್ತಲ ತಾಂಡಾಗಳ ಮಂದಿಗೆ ನಾವು ಲಂಬಾಣ್ಯಾರು ಅಂತೀವಿ. ತೆಲುಗಿನವರು ಲಂಬಾಡಿ ಅಂತಾರ, ರಾಯಲಸೀಮೆ ಕಡೆ ಸುಗಾಲಿ ಅಂತಾರ, ಪುಸ್ತಕದಾಗ ಬಂಜಾರ ಅಂತ ಬರೀತಾರ. ಅವರು ತಮಗೆ ತಾವು ಏನಂತ ಕರಕೋತಾರ ಅಂತ ಕೇಳಿದವರು ನಮ್ಮೊಳಗ ಎಷ್ಟು ಮಂದಿ ಇದ್ದೀವಿ? ಅವರು ತಮಗೆ ಗೋರ್ ಅಂತಾರ. ಅವರ ಮಾತು ಗೋರ್ ಬೋಲಿ. ತಾಂಡಾದ ಹೊರಗಿನವರಿಗೆ, ಅಂದ್ರ ನನಗೂ ನಿಮಗೂ, ಅವರ ಬಾಯಾಗ ಒಂದು ಹೆಸರು ಅದ: ಕೋರ್. ನಾವು ಅವರನ್ನ ಹೊರಗಿನವರು ಅಂತ ನೋಡೋ ಹೊತ್ತಿಗೆ ಅವರೂ ನಮ್ಮನ್ನ ಹಂಗೇ ನೋಡ್ಲಿಕ್ಕತ್ತಿರತಾರ. ಇದು ತಿಳಿದಾಗ ನನಗ ಮೊದಲು ನಗು ಬಂತು, ಆಮ್ಯಾಲ ವಿಚಾರ ಹತ್ತಿತು.

ಗೌರವದ ಮಾತು ಬಂದರ ಭಾಳ ಮಂದಿ, "ನಾವೇನು ಅವರಿಗೆ ಕೆಟ್ಟದ್ದು ಮಾಡೀವಾ?" ಅಂತಾರ. ಮಾಡಿಲ್ಲ, ಖರೆ. ಆದರೆ ಗೌರವ ಅಷ್ಟರಾಗೇ ಮುಗಿಯೋದಿಲ್ಲ. ಒಬ್ಬರ ಬಗ್ಗೆ ಹೇಳೋ ಹಕ್ಕು ಮೊದಲು ಅವರದೇ ಅಂತ ಒಪ್ಪಿಕೊಳ್ಳೋದಕ್ಕ ನಾನು ಗೌರವ ಅಂತೀನಿ. ತಾಂಡಾದವರ ವಿಷಯದಾಗ ಈ ಹಕ್ಕು ಬ್ಯಾರೆಯವರ ಕೈಯಾಗೇ ಉಳಿದದ.

ಅವರ ಹಿರಿಯರು ಸಾವಿರಾರು ಎತ್ತುಗಳ ಮ್ಯಾಲ ಉಪ್ಪು, ಕಾಳು ಹೇರಿಕೊಂಡು ದೇಶ ತಿರುಗಿದವರು. ಮೊಗಲರ ದಂಡು ದಖ್ಖನ್‌ಗೆ ಬಂದಾಗ ದಂಡಿಗೆ ಕೂಳು ಮುಟ್ಟಿಸಿದವರು ಇವರೇ. ಆಮ್ಯಾಲ ರೈಲು ಬಂತು. ನಮ್ಮ ತಾಂಡೂರ ಮ್ಯಾಲ ಹಾದು ಹೋಗೋ ವಾಡಿ–ಸಿಕಂದರಾಬಾದ ರೈಲುದಾರಿ 1874ರದು. ಎತ್ತು ತಿಂಗಳುಗಟ್ಟಲೆ ಹೊತ್ತಿದ್ದನ್ನ ರೈಲು ದಿನದಾಗ ಹೊತ್ತು ಹಾಕಿತು. ಕಸುಬು ಹೋದ ಮಂದಿ ಊರ ಹೊರಗ ಕುಂತರು. 1871ರಲ್ಲೇ ಇಂಗ್ರೇಜರು ಹುಟ್ಟಿನಿಂದಲೇ ಕಳ್ಳರು ಅನ್ನೋ ಕಾಯ್ದೆ ಮಾಡಿ, ದೇಶ ತಿರುಗೋ ಎಷ್ಟೋ ಕುಲಗಳನ್ನ ಹೆಸರು ಹಿಡಿದು ಬರೆಯಲಿಕ್ಕೆ ಹತ್ತಿದ್ದರು. ಬಂಜಾರರ ಗುಂಪುಗಳೂ ಆ ಪಟ್ಟಿಗೆ ಬಂದವು. ಆ ಕಾಯ್ದೆ ತೆಗೆದಿದ್ದು 1952ರಲ್ಲಿ. ಕಾಯ್ದೆ ಹೋದರೂ ನಮ್ಮ ಬಾಯಾಗಿನ ಗಾದಿ, ಬೈಗಳ ಪೂರಾ ಹೋಗಿಲ್ಲ.

ಸ್ವತಂತ್ರ ಬಂದ ಮ್ಯಾಲೂ ಪಟ್ಟಿ ತಪ್ಪಲಿಲ್ಲ. 1976ರ ತಿದ್ದುಪಡಿ ಆದ ಮ್ಯಾಲ ನಮ್ಮ ತೆಲಂಗಾಣ ಭಾಗದಾಗ ಇವರು ಪರಿಶಿಷ್ಟ ಪಂಗಡ. ಗಡಿ ದಾಟಿ ಸೇಡಂ, ಚಿಂಚೋಳಿಗೆ ಹೋದರ ಪರಿಶಿಷ್ಟ ಜಾತಿ. ಮಹಾರಾಷ್ಟ್ರದಾಗ ವಿಮುಕ್ತ ಜಾತಿ. ಅಕ್ಕನ್ನ ಗಡಿಯಾಚೆ ಕೊಟ್ಟಾರ, ತಂಗಿ ಇಲ್ಲೇ ಇದ್ದಾಳ ಅನ್ರಿ, ಇಬ್ಬರ ಮಕ್ಕಳ ಸರ್ಟಿಫಿಕೇಟಿನಾಗ ಬ್ಯಾರೆ ಬ್ಯಾರೆ ಬರೀತಾರ. ಇನ್ನೊಂದು ಕಡೆ ಆದಿಲಾಬಾದಿನ ಗೋಂಡರು 2017ರಲ್ಲಿ, ಲಂಬಾಡಿಗಳನ್ನ ಪಂಗಡದ ಪಟ್ಟಿಯಿಂದ ತೆಗೀರಿ ಅಂತ ಎದ್ದು ನಿಂತರು. ಅವರೂ ಸುಮ್ಮನೆ ಕೂಗಲಿಲ್ಲ. ಅಡವಿ, ನೀರು, ಭೂಮಿಗಾಗಿ ನಿಜಾಮನ ಎದುರು ನಿಂತು 1940ರಲ್ಲಿ ಪ್ರಾಣ ಕೊಟ್ಟ ಕೊಮರಂ ಭೀಮ್ ಅವರವನೇ. ತಮ್ಮ ಪಾಲಿನ ನೌಕರಿ ತಮಗ ಸಿಗವಲ್ಲವು ಅನ್ನೋದು ಅವರ ಸಂಕಟ. ಈ ವ್ಯಾಜ್ಯ ಬಗೆಹರಿಸೋದು ಒಕ್ಕಲಿಗ ಮನಿಶಾನ ಕೆಲಸ ಅಲ್ಲ. ಒಂದು ಮಾತು ಮಾತ್ರ ಹೇಳತೀನಿ: ಪಟ್ಟಿಯೊಳಗ ಇದ್ದರೆ ಮಾತ್ರ ಗೌರವ, ಹೊರಗಾದರ ಇಲ್ಲ ಅನ್ನೋದಾದರ ಅದು ಮನಿಶಾಗ ಕೊಟ್ಟಿದ್ದಲ್ಲ, ಕಾಗದಕ್ಕ ಕೊಟ್ಟಿದ್ದು.

ಈಗ ಒಂದು ಕಹಿ ಸಂಗತಿ ಬರೀಬೇಕು. 1999ರಲ್ಲಿ, ಮತ್ತೆ 2001ರಲ್ಲಿ, ತೆಲಂಗಾಣದ ತಾಂಡಾಗಳಿಂದ ಹೆಣ್ಣು ಕೂಸುಗಳನ್ನ ಕೊಂಡು, ದತ್ತು ಹೆಸರಿನಾಗ ಹೊರದೇಶಕ್ಕೆ ಕಳಸೋ ವ್ಯವಹಾರ ಬಯಲಿಗೆ ಬಂತು. ಆವಾಗ ಕಟ್ಟಿ ಮ್ಯಾಲ ಕುಂತವರು ಏನಂದರು? "ಅವರ ಪದ್ಧತೀನೇ ಹಂಗ, ಮಕ್ಕಳನ್ನ ಮಾರತಾರ" ಅಂದರು. ನೋಡ್ರಿ, ಇದು ಎಂಥಾ ಮಾತು. ಲಂಬಾಣಿಯೊಳಗ ಹಿಂದಿನ ಕಾಲಕ್ಕೆ ಹೆಣ್ಣಿನ ಕಡೆಯವರಿಗೆ ತೆರ ಕೊಟ್ಟು ಮದುವಿ ಮಾಡಕೋತಿದ್ದರು. ಆ ತೆರ ಹೋಗಿ ವರದಕ್ಷಿಣೆ ಬಂದದ್ದು ನಮ್ಮಂಥ ಊರ ಮಂದೀನ ನೋಡಿ. ಭೂಮಿ ಇಲ್ಲ, ಮಳಿ ಇಲ್ಲ, ಮೂರನೇ ಹೆಣ್ಣು ಹುಟ್ಟ್ಯಾದ, ಬಾಗಲಿಗೆ ದಲಾಲಿ ಬಂದಾನ. ಕೊಂಡವರ ಪದ್ಧತಿ ಏನು ಅಂತ ಯಾರೂ ಕೇಳಲಿಲ್ಲ. ಬಡತನಕ್ಕ "ಸಂಸ್ಕೃತಿ" ಅಂತ ಹೆಸರಿಟ್ಟರ ನಮಗ ಭಾಳ ಸಲೀಸು, ನಮ್ಮ ಪಾಲು ಕಾಣೋದಿಲ್ಲ.

ಆಸ್ಟ್ರೇಲಿಯಾ ದೇಶದಾಗ ಸರ್ಕಾರದವರೇ ಅಲ್ಲಿಯ ಮೂಲನಿವಾಸಿಗಳ ಮಕ್ಕಳನ್ನ, ಮಕ್ಕಳ ಒಳ್ಳೇದಕ್ಕೇ ಅಂತ ಹೇಳಿ, ತಾಯಂದಿರಿಂದ ಕಸಕೊಂಡು ಬ್ಯಾರೆ ಕಡೆ ಬೆಳೆಸಿದ್ದರು. 2008ರ ಫೆಬ್ರುವರಿ 13ಕ್ಕ ಅಲ್ಲಿಯ ಪ್ರಧಾನಿ ಕೆವಿನ್ ರಡ್ ಪಾರ್ಲಿಮೆಂಟಿನಾಗ ನಿಂತು ಕ್ಷಮೆ ಕೇಳಿದರು. ಹೋದ ಮಕ್ಕಳೇನು ತಿರುಗಿ ಕೂಸಾಗಿ ಬರಲಿಲ್ಲ. ಆದರೂ ತಪ್ಪು ಆ ತಾಯಂದಿರದಲ್ಲ ಅಂತ ದೇಶ ಕೇಳೋ ಹಂಗ ಒಬ್ಬರು ಹೇಳಿದರಲ್ಲ.

ನಾನು ಪದ ಹಾಡಾಂವ. ಹಾಡಿನ ಮಾತು ಬಂದರ ನನಗ ತಡಕೊಳ್ಳೋದಾಗೋದಿಲ್ಲ. ಗೋರ್ ಮದುವ್ಯಾಗ ಮದುಮಗಳು ತವರು ಬಿಡೋ ಹೊತ್ತಿಗೆ ಒಬ್ಬೊಬ್ಬರ ಕೊರಳು ಹಿಡಿದು ರಾಗ ಮಾಡಿ ಅಳತಾಳ. ಅದಕ್ಕ ಢಾವಲೋ ಅಂತಾರ. ಅಳೋದನ್ನೂ ಹಾಡೋದನ್ನೂ ಬ್ಯಾರೆ ಮಾಡಲಿಕ್ಕೆ ಬರೋದಿಲ್ಲ ಅದರಾಗ. ನಮ್ಮ ಸೋಬಾನ ಪದ ಕೇಳಿ ಬೆಳೆದ ನನಗೂ ಅದರಂಥದ್ದು ಇನ್ನೊಂದು ಗೊತ್ತಿಲ್ಲ. ಒಂದು ಸಲ ಒಂದು ಊರ ಕಾರ್ಯಕ್ರಮದಾಗ, ತಾಂಡಾದ ಹೆಣ್ಣುಮಕ್ಕಳು ಕನ್ನಡಿ ಲಂಗ ತೊಟ್ಟು ಕುಣಿದ ಮ್ಯಾಲ, ಮೈಕ್ ಹಿಡಿದವರು ಒಬ್ಬ ಮುದುಕಿಗೆ, "ಆಯೀ, ಒಂದು ಢಾವಲೋ ಹಾಡು, ಐದು ನಿಮಿಷ ಅದ" ಅಂದರು. ಆಕಿ ಮೈಕಿನ ಕಡೆ ನೋಡಿ, "ಇವತ್ತ ಯಾರ ಮಗಳು ಹೊಂಟಾಳ?" ಅಂದಳು. ಮಂದಿ ನಕ್ಕರು. ಆಕಿ ನಗಲಿಲ್ಲ, ಹಾಡಲೂ ಇಲ್ಲ, ಹೋಗಿ ಕುಂತಳು. ನನ್ನ ಮಟ್ಟಿಗೆ ಆ ದಿನದ ದೊಡ್ಡ ಹಾಡು ಅದೇ. ಕುಣಿತಕ್ಕ ಚಪ್ಪಾಳಿ ಹೊಡಿಯೋದು ತಪ್ಪಂತ ನಾನು ಹೇಳೋದಿಲ್ಲ, ಕುಣಿಯೋರಿಗೂ ಖುಷಿ ಇರತದ. ಆದರೆ ಯಾವುದನ್ನ ಕೊಡಬೇಕು, ಯಾವುದನ್ನ ಮನಿಯೊಳಗ ಇಟ್ಟುಕೋಬೇಕು ಅನ್ನೋದು ಅವರು ಹೇಳಬೇಕು.

ಇದನ್ನ ನಮಗ ಬ್ಯಾರೆ ಯಾರೂ ಕಲಿಸಬೇಕಿಲ್ಲ. 1956ರ ತನಕ ನಮ್ಮ ತಾಂಡೂರ ತಾಲೂಕು ಗುಲ್ಬರ್ಗಾ ಜಿಲ್ಲಾದಾಗ ಇತ್ತು. ರಾಜ್ಯಗಳು ಒಡೆದು ಕೂಡಿಸೋ ಹೊತ್ತಿಗೆ ಕೊಡಂಗಲ್, ತಾಂಡೂರ ಈ ಕಡೆ ಬಂದವು. ಅಂದಿನಿಂದ ಕಚೇರಿಗೆ ಹೋದರ ನಾವು ಕನ್ನಡದವರು, ಗಡಿ ದಾಟಿದರ ತೆಲುಗಿನವರು. ನಮ್ಮ ಮಾತು ಕೇಳಿ ಇಬ್ಬರೂ ನಗತಾರ. ಮನ್ಯಾಗ ಕನ್ನಡ ಆಡೋ ಕೂಸು ತೆಲುಗು ಸಾಲ್ಯಾಗ ಬಾಯಿ ಮುಚ್ಚಿ ಕುಂಡ್ರೋದು ನಮ್ಮ ಮಾಸ್ತರರು ದಿನಾ ನೋಡತಾರ. ಅದೇ ಬೆಂಚಿನ ಮ್ಯಾಲ ಗೋರ್ ಬೋಲಿಯ ಕೂಸೂ ಕುಂತಿರತದ. ಅದಕ್ಕ ತೆಲುಗೂ ಹೊಸದು, ಕನ್ನಡಾನೂ ಹೊಸದು. ಮಾಸ್ತರರೇ, ನೀರಿಗೆ ನಿಮ್ಮ ಮನ್ಯಾಗ ಏನಂತೀರಿ ಅಂತ ಆ ಕೂಸಿಗೆ ಒಂದು ಸಲ ಕೇಳಿ ನೋಡ್ರಿ. ಪಾಠ ಐದು ನಿಮಿಷ ತಡ ಆದೀತು.

ಗೋರ್ ಬೋಲಿಗೆ ತನ್ನದೇ ಲಿಪಿ ಇಲ್ಲ. ಈ ಕಡೆ ತೆಲುಗು ಅಕ್ಷರದಾಗ ಬರೀತಾರ, ಆ ಕಡೆ ಕನ್ನಡದಾಗ. ಹತ್ತಿರದ ತಾಂಡಾದ ಹುಡುಗ ಒಬ್ಬ ತನ್ನ ಅಜ್ಜಿಯ ಹಾಡುಗಳನ್ನ ಒಂದು ನೋಟುಬುಕ್ಕಿನ ತುಂಬ ಬರೆದಾನ. ನಮ್ಮ ವಾಚನಾಲಯದ ಈ ಪುಸ್ತಕಕ್ಕ ಎರಡು ಹಾಡು ಕೊಡು ಅಂತ ನಾನೇ ಕೇಳಿದೆ. "ಮೊದಲು ಆಯಿಗೆ ಓದಿ ತೋರಸ್ತೀನಿ ಕಾಕಾ, ಆಕಿ ಹೂಂ ಅಂದರ ಕೊಡ್ತೀನಿ" ಅಂದ. ಆಕಿ ಇನ್ನೂ ಹೂಂ ಅಂದಿಲ್ಲ.