ಕಾಣದೆಡೆಗೆ ಎಸೆದದ್ದು

ಹೋದ ತಿಂಗಳ ಒಂದು ಭಾನುವಾರ, ಉತ್ತರಪತ್ರಿಕೆಗಳ ಹೊರೆ ಇಳಿದ ಹುಮ್ಮಸ್ಸಿನಲ್ಲಿ, ನನ್ನ ಮೇಜಿನ ಖಾನೆಗಳನ್ನು ಚೊಕ್ಕಟಮಾಡಲು ಕುಳಿತೆ. ಮೇಷ್ಟರ ಮೇಜಿನ ಖಾನೆಯೆಂದರೆ ಒಂದು ಸಣ್ಣ ವಸ್ತುಸಂಗ್ರಹಾಲಯ. ಶಾಯಿ ಒಣಗಿದ ಲೇಖನಿಗಳು, ಯಾರದೋ ಮದುವೆಯ ಕರೆಯೋಲೆ, ಯಾವ ಬೀಗದ್ದೆಂದು ಯಾರೂ ಅರಿಯದ ಬೀಗದ ಕೈಗಳು. ಇವುಗಳ ಅಡಿಯಲ್ಲಿ, ನಾಲ್ಕು ವರ್ಷದ ಹಿಂದೆ ಕೈಬಿಟ್ಟಿದ್ದ ಮೊಬೈಲು ಫೋನೊಂದು ಸಿಕ್ಕಿತು. ಅದರ ಬೆನ್ನಿನ ಮುಚ್ಚಳ ತಾನಾಗಿಯೇ ಬಿಟ್ಟುಕೊಂಡಿತ್ತು. ಒಳಗಿನ ಬ್ಯಾಟರಿ ಬಾಣಲೆಯ ಪೂರಿಯ ಹಾಗೆ ಉಬ್ಬಿತ್ತು. ಉಬ್ಬಿದ್ದನ್ನು ಕಂಡರೆ ಒತ್ತಿ ನೋಡಬೇಕೆನ್ನಿಸುವುದು ಮನುಷ್ಯಸ್ವಭಾವ. ನಾನು ಬೆರಳಿಡುವಷ್ಟರಲ್ಲಿ ಪಿ.ಯು.ಸಿ. ಓದುವ ಮಗ, "ಅಪ್ಪಾ, ಮುಟ್ಟಬೇಡಿ!" ಎಂದು ಕೂಗಿದ. ಅಡಿಗೆಮನೆಯಿಂದ ಅವನ ತಾಯಿ, "ಬೆಳಿಗ್ಗೆ ಕಸದ ಗಾಡಿ ಬರುತ್ತಲ್ಲ, ಅದಕ್ಕೆ ಹಾಕಿದರಾಯಿತು; ಇಷ್ಟಕ್ಕೆ ಯಾಕೆ ರಂಪ?" ಎಂದಳು. ಈ ಎರಡು ಮಾತುಗಳ ನಡುವೆ ಸಿಕ್ಕಿಕೊಂಡು ನಾನು ಒಂದು ವಾರ ಕಳೆದೆ.

ಮಗ ವಿವರಿಸಿದ್ದರಲ್ಲಿ ನನಗೆ ತಿಳಿದಷ್ಟನ್ನು ಹೇಳುತ್ತೇನೆ. ಲಿಥಿಯಮ್-ಅಯಾನ್ ಬ್ಯಾಟರಿ ಮೊದಲು ಮಾರುಕಟ್ಟೆಗೆ ಬಂದದ್ದು 1991ರಲ್ಲಿ. ಅದಕ್ಕೆ ದಾರಿಮಾಡಿಕೊಟ್ಟ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಎಂಬ ಮೂವರಿಗೆ 2019ರಲ್ಲಿ ನೊಬೆಲ್ ಬಹುಮಾನ ಸಂದಿತು, ಸಲ್ಲಬೇಕಾದದ್ದೇ. ಬ್ಯಾಟರಿಯೊಳಗೆ ಎರಡು ಧ್ರುವಗಳ ಹಾಳೆಗಳು ಒತ್ತೊತ್ತಾಗಿ ಕುಳಿತಿರುತ್ತವೆ. ನಡುವೆ ಕಾಗದಕ್ಕಿಂತ ತೆಳುವಾದ ಒಂದು ಪ್ಲಾಸ್ಟಿಕ್ ತೆರೆ. ಅವೆಲ್ಲವನ್ನೂ ನೆನೆಸಿಟ್ಟಿರುವುದು ಬೇಗ ಉರಿಯುವ ಒಂದು ದ್ರವ. ಹಳೆಯದಾಗಿಯೋ ಪೆಟ್ಟು ತಿಂದೋ ಆ ದ್ರವ ಕೆಟ್ಟರೆ ಅನಿಲ ಹುಟ್ಟಿ ಬ್ಯಾಟರಿ ಉಬ್ಬುತ್ತದೆ. ಚುಚ್ಚಿದರೆ, ಜಜ್ಜಿದರೆ, ತೆರೆ ಹರಿದು ಧ್ರುವಗಳೆರಡೂ ಒಂದನ್ನೊಂದು ಮುಟ್ಟುತ್ತವೆ. ಕಾವು ಕಾವನ್ನೇ ಹುಟ್ಟಿಸುತ್ತ ಹೋಗಿ ನೋಡನೋಡುತ್ತ ಬೆಂಕಿಯಾಗುತ್ತದೆ. ಆರಿತೆಂದುಕೊಂಡ ಎಷ್ಟೋ ಹೊತ್ತಿನ ಮೇಲೆ ಮತ್ತೆ ಹೊತ್ತಿಕೊಳ್ಳುವುದೂ ಉಂಟು. ಕಸದ ಗಾಡಿಗೆ ಹಾಕಿದ್ದು ಅಲ್ಲಿಂದ ಕಸವನ್ನು ಒತ್ತಿ ಹಿಂಡುವ ದೊಡ್ಡ ಲಾರಿಗೆ ಹೋಗುತ್ತದೆಯಷ್ಟೆ. ನಾನು ಬೆರಳಿನಿಂದ ಮಾಡಹೊರಟಿದ್ದನ್ನು ಆ ಯಂತ್ರ ತನ್ನ ಪೂರ್ತಿ ಬಲದಿಂದ ಮಾಡುತ್ತದೆ.

ಇದನ್ನು ಕೇಳುತ್ತಿದ್ದಂತೆ ಮೂರು ಬೇಸಗೆಯ ಹಿಂದಿನ ಸಂಗತಿಯೊಂದು ನೆನಪಾಗಿ ನನ್ನ ಬಾಯಿ ಕಟ್ಟಿತು. ಬೆಂಗಳೂರಿನ ನಮ್ಮ ಬೀದಿಯ ಗಾಡಿಗೆ ಒಂದು ಬೆಳಿಗ್ಗೆ ನಾನು ಲ್ಯಾಪ್‌ಟಾಪಿನ ಹಳೆಯ ಬ್ಯಾಟರಿಯೊಂದನ್ನು ಹಾಕಿದ್ದೆ. ಹಳೆಯ ಪತ್ರಿಕೆಯಲ್ಲಿ ಸುತ್ತಿ ಹಾಕಿದ್ದೆ. ಈ ಪುರವಣಿಯೇ ಇದ್ದಿರಬಹುದು, ಸಂಪಾದಕರು ಕ್ಷಮಿಸಬೇಕು. ಸ್ವಲ್ಪ ಹೊತ್ತಿಗೆಲ್ಲ ಬೀದಿಯ ತಿರುವಿನಲ್ಲಿ ಗಾಡಿಯಿಂದ ಹೊಗೆಯೆದ್ದಿತು. ಚಾಲಕನೂ ಕಸ ಆಯುವ ಹೆಂಗಸೂ ಬರಿಗೈಯಲ್ಲಿ ಕಸವನ್ನು ರಸ್ತೆಗೆ ಎಳೆದೆಳೆದು ಹಾಕಿದರು. ಎದುರು ಮನೆಯವರು ನೀರು ಕೊಟ್ಟರು. ಆಕೆಯ ಬಲ ಅಂಗೈ ಸುಟ್ಟಿತ್ತು. ನಾನು ಗೇಟಿನ ಬಳಿ ಕಾಫಿಯ ಲೋಟ ಹಿಡಿದು ನಿಂತು, "ಯಾರೋ ಬೀಡಿ ಎಸೆದಿರಬೇಕು, ಜನಕ್ಕೆ ಬುದ್ಧಿಯಿಲ್ಲ" ಎಂದೆ. ಆ ಮಾತು ಅಕ್ಷರಶಃ ನೆನಪಿದೆ.

ಆ ಬೆಂಕಿ ನನ್ನದೋ ಬೇರೆಯವರದೋ ಇನ್ನು ತಿಳಿಯುವಂತಿಲ್ಲ. ನನ್ನದೇ ಆಗಿದ್ದರೆ ಅದಕ್ಕೆ ನಾನು ಹೊಣೆಯೆ? ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಹೇಳುವ ಗೆಳೆಯರ ಮುಂದೆ ಪ್ರಶ್ನೆಯನ್ನಿಟ್ಟೆ. ಅವರು ನಶ್ಯ ಏರಿಸುವವರಂತೆ ಮೂಗನ್ನೊತ್ತಿಕೊಂಡು (ನಶ್ಯ ಬಿಟ್ಟು ಹತ್ತು ವರ್ಷವಾಯಿತು, ಅಭ್ಯಾಸ ಬಿಟ್ಟಿಲ್ಲ), "ಕೇಡಿನ ಸಂಕಲ್ಪವಿತ್ತೆ? ಇಲ್ಲ. ಹೀಗಾದೀತೆಂಬ ತಿಳಿವಿತ್ತೆ? ಅದೂ ಇಲ್ಲ. ಮತ್ತೆ ಪಾಪ ಎಲ್ಲಿಂದ ಬಂತು ಸ್ವಾಮಿ? ಮಾಡಿದ ಕಂಪನಿಯವನು ಕೇಳಿಕೊಳ್ಳಲಿ, ತೆರಿಗೆ ವಸೂಲುಮಾಡುವವರು ಕೇಳಿಕೊಳ್ಳಲಿ" ಎಂದರು. ಈ ಕೊನೆಯ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಕೇಂದ್ರ ಸರ್ಕಾರ 2022ರಲ್ಲಿ ತಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, ತಯಾರಕನೇ ತನ್ನ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳುಹಿಸಬೇಕೆಂದು ವಿಧಿಸುತ್ತವೆ. ಆದರೆ ಅದೇ ನಿಯಮಗಳು ಬಳಸುವವನಿಗೂ ಒಂದು ಮಾತು ಹೇಳಿವೆ: ಬ್ಯಾಟರಿಯನ್ನು ಮನೆಯ ಬೇರೆ ಕಸದೊಡನೆ ಬೆರೆಸಕೂಡದು, ಸಂಗ್ರಹಿಸುವವರ ಅಥವಾ ಮರುಬಳಕೆಮಾಡುವವರ ಕೈಗೇ ಕೊಡಬೇಕು. ನಿಯಮ ಮೂರು ಕಡೆ ಹೊಣೆಯನ್ನು ಹಂಚಿದರೆ ನನ್ನ ಪಾಲು ಮೂರರಲ್ಲೊಂದು ಆಗುತ್ತದೆಯೇ ಹೊರತು ಸೊನ್ನೆಯಾಗುವುದಿಲ್ಲವಷ್ಟೆ.

ಕನ್ನಡದ ಮೇಷ್ಟರಿಗೆ ತರ್ಕದಲ್ಲಿ ಸೋತರೆ ಪದಕೋಶವೇ ಗತಿ. ಹಳಗನ್ನಡದಲ್ಲಿ 'ಎಸು' ಎಂದರೆ ಬಾಣ ಬಿಡು ಎಂದರ್ಥ. ಬಾಣ ಬಿಡುವವನಿಗೆ ಗುರಿಯೊಂದಿರುತ್ತದೆ. ಅವನು ಅತ್ತ ನೋಡುತ್ತಾನೆ. 'ಬಿಸುಡು' ಎನ್ನುವುದು ಬೇರೆ; ಅಲ್ಲಿ ಕಣ್ಣು ಕೈಯ ಮೇಲಿರುತ್ತದೆ, ಕೈ ಬರಿದಾದರೆ ಕೆಲಸ ಮುಗಿಯಿತು. ಈ ಎರಡೂ ಒಂದೇ ಆಗಿಬಿಟ್ಟ ಒಂದು ಸಂದರ್ಭ ವಾಲ್ಮೀಕಿಯಲ್ಲಿದೆ. ಯುವರಾಜನಾದ ದಶರಥ ಮಳೆಗಾಲದ ಒಂದಿರುಳು ಸರಯೂ ತೀರದಲ್ಲಿ ಕೊಡ ತುಂಬುವ ಸದ್ದನ್ನು ಕೇಳಿ, ಆನೆಯೆಂದು ಬಗೆದು, ಕತ್ತಲಿಗೆ ಬಾಣ ಬಿಟ್ಟ. ಸತ್ತವನು ಕುರುಡ ತಂದೆತಾಯಿಗಳಿಗೆ ನೀರೊಯ್ಯಲು ಬಂದಿದ್ದ ಹುಡುಗ. ದಶರಥನಿಗೂ ಕೇಡಿನ ಸಂಕಲ್ಪವಿರಲಿಲ್ಲ. ಅಲ್ಲಿ ಹುಡುಗನಿದ್ದಾನೆಂಬ ತಿಳಿವೂ ಇರಲಿಲ್ಲ. ಆದರೆ ತನಗೆ ಕಾಣಿಸುತ್ತಿಲ್ಲವೆಂಬುದು ಅವನಿಗೆ ತಿಳಿದಿತ್ತು. ನನ್ನ ಗೆಳೆಯರ ತರ್ಕ ಬಿಟ್ಟದ್ದು ಇದನ್ನೇ. ಬ್ಯಾಟರಿಯ ರಸಾಯನ ನನಗೆ ತಿಳಿದಿರಲಿಲ್ಲವೆನ್ನುವುದು ನಿಜ. ಗಾಡಿಯಲ್ಲಿ ಒಬ್ಬ ಹೆಂಗಸು ನಿಂತು ಎರಡು ಕೈಯಿಂದ ಕಸ ಬೇರ್ಪಡಿಸುತ್ತಾಳೆಂಬುದು ನನಗೆ ದಿನವೂ ಕಾಣುತ್ತಿತ್ತು. ನಾನು ಕೇಳಬಹುದಿತ್ತು. ಕೇಳಲಿಲ್ಲ. ಆ ಹುಡುಗನ ತಂದೆ ದಶರಥನಿಗೆ ಹೇಳಿದ ಒಂದು ಮಾತು ಈಚೆಗೆ ಪದೇ ಪದೇ ನೆನಪಾಗುತ್ತದೆ: ನೀನಾಗಿಯೇ ಬಂದು ಹೇಳದಿದ್ದರೆ ನಿನ್ನ ತಲೆ ನೂರು ಸಾವಿರ ಹೋಳಾಗುತ್ತಿತ್ತು, ಎಂದು.

ನಮ್ಮ ಊರು ಕಸವನ್ನು ಮಾವಳ್ಳಿಪುರಕ್ಕೆ ಸುರಿಯಿತು, ಮಂಡೂರಿಗೆ ಸುರಿಯಿತು. ಅಲ್ಲಿಯ ಜನ ಬೀದಿಗಿಳಿದು ತಡೆದು, 2014ರ ಕೊನೆಗೆ ಮಂಡೂರೂ ಬಾಗಿಲು ಹಾಕಿತು. ನಾವು 'ಹೊರಗೆ' ಎನ್ನುತ್ತಿದ್ದ ಜಾಗಕ್ಕೆ ಹೆಸರಿತ್ತು, ಬಾವಿಯಿತ್ತು, ಶಾಲೆಗೆ ಹೋಗುವ ಮಕ್ಕಳಿದ್ದರು ಎನ್ನುವುದು ನಮಗೆ ತಿಳಿದದ್ದು ಆಗ.

ಇರಲಿ, ಉಬ್ಬಿದ ಬ್ಯಾಟರಿಯ ಕಥೆ ಮುಗಿಸುತ್ತೇನೆ. ಮಗ ಹೇಳಿದಂತೆ, ಫೋನನ್ನು ಚಾರ್ಜಿಗೆ ಹಾಕದೆ, ಬ್ಯಾಟರಿಯನ್ನು ಕೀಳಲು ಹೋಗದೆ, ಹಾಗೆಯೇ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಒಣಮರಳು ತುಂಬಿ ಅದರೊಳಗಿಟ್ಟೆ. ಡಬ್ಬಿಯನ್ನು ಅನಿಲ ಹೊರಹೋಗಲೆಂದು ಬಿಗಿಯಾಗಿ ಮುಚ್ಚದೆ, ಮಹಡಿಯ ನೆರಳಿನಲ್ಲಿ, ಹತ್ತಿರ ಏನೂ ಇಲ್ಲದ ಕಡೆ ಇಟ್ಟೆ. ಫೋನಿನ ಅಂಗಡಿಯವನು ಕೈಮುಗಿದ. ಒಳ್ಳೆಯ ಬ್ಯಾಟರಿಯಾದರೆ ತೆಗೆದುಕೊಳ್ಳುತ್ತಾನಂತೆ, ಉಬ್ಬಿದ್ದು ಬೇಡವಂತೆ. ಅನುಮತಿ ಪಡೆದ ಇ-ತ್ಯಾಜ್ಯ ಸಂಗ್ರಹಕೇಂದ್ರವೊಂದನ್ನು ಹುಡುಕಿ, "ಕೆಟ್ಟದ್ದು, ಉಬ್ಬಿದೆ" ಎಂದು ಮೊದಲೇ ಫೋನಿನಲ್ಲಿ ತಿಳಿಸಿದೆ; ತನ್ನಿ ಎಂದರು. ಬಸ್ಸಿನಲ್ಲಿ ಒಯ್ಯೋಣವೆಂದರೆ ಮನಸ್ಸು ಒಪ್ಪಲಿಲ್ಲ. ಅಲ್ಲಿ ನಲವತ್ತು ಜನ ಕೂತಿರುತ್ತಾರೆ, ಅವರನ್ನು ಯಾರು ಕೇಳಿದ್ದಾರೆ? ಮೂರು ಮೈಲಿ ಮರಳಿನ ಡಬ್ಬಿ ಹೊತ್ತು ನಡೆದೆ. ದಾರಿಯಲ್ಲಿ ಸಿಕ್ಕಿದ ಶಿಷ್ಯನೊಬ್ಬ, "ಯಾವ ಊರಿನ ಪ್ರಸಾದ ಸಾರ್?" ಎಂದ. ಎಲ್ಲರೂ ಹೀಗೆ ಮೂರು ಮೈಲಿ ನಡೆದಾರೆಂದು ನಂಬುವಷ್ಟು ಮುಗ್ಧನಲ್ಲ ನಾನು. ಬೀದಿಗೊಂದು ಕಡೆ ಇದನ್ನು ತೆಗೆದುಕೊಳ್ಳುವ ಏರ್ಪಾಡಿಲ್ಲದೆ ಜನರನ್ನು ಬೈಯುವುದು ಸುಲಭದ ನೀತಿ.

ಮಾರನೆಯ ಬೆಳಿಗ್ಗೆ ಗಾಡಿ ಬಂದಾಗ ಆಕೆಯನ್ನು ನಿಲ್ಲಿಸಿ ಮೂರು ವರ್ಷದ ಹಿಂದಿನದನ್ನು ಹೇಳಿದೆ. ಮಾತು ತೊದಲಿತು; ತರಗತಿಯಲ್ಲಿ ಹೀಗಾಗಿದ್ದಿಲ್ಲ. ಆಕೆ ಕೇಳುತ್ತ ಕೇಳುತ್ತಲೇ ಪಕ್ಕದ ಮನೆಯ ಬುಟ್ಟಿ ಸುರಿದುಕೊಂಡು, ಬಲಗೈಯನ್ನೊಮ್ಮೆ ನೋಡಿಕೊಂಡಳು.

"ನಿಮ್ದೇ ಅಂತ ಹೆಂಗೆ ಹೇಳ್ತೀರಾ ಸಾರ್? ಎಲ್ಲಾರ ಮನೇದೂ ಬರ್ತದೆ. ಬಲ್ಬು ಬರ್ತದೆ, ಬ್ಲೇಡು ಬರ್ತದೆ, ಸೂಜಿ ಬರ್ತದೆ. ಬೇಜಾರು ಮಾಡ್ಕೋಬೇಡಿ" ಎಂದಳು. ಆಮೇಲೆ ಗಾಡಿ ಹೊರಡುವಾಗ ತಿರುಗಿ, "ಆ ಮಳ್ಳಿನ ಡಬ್ಬ ಒಂದು ನಮ್ಗೂ ಮಾಡ್ಕೊಡಿ ಸಾರ್, ಗಾಡೀಲಿ ಇಟ್ಕೋತೀವಿ" ಎಂದಳು.

ಡಬ್ಬಿ ಸಿಕ್ಕಿದೆ. ಮರಳು ಹುಡುಕುತ್ತಿದ್ದೇನೆ.